ಬೈಕ್ ಎಳೆಯುವ ಪುಟ್ಟ ಕ್ಯಾಂಪರ್‌ಗೆ ಎಷ್ಟು ದೊಡ್ಡ ಬ್ಯಾಟರಿ? ಚಾರ್ಜ್ ಎಲ್ಲಿಂದ?

ಎರಡು_ಚಕ್ರದ_ಮನೆ · ರಾಲಿ, ನಾರ್ತ್ ಕ್ಯಾರೊಲಿನಾ

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನ ಕಡೆಯವನು, ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಹೋದ ತಿಂಗಳು ಬೈಕಿನ ಹಿಂದೆ ಎಳೆದುಕೊಂಡು ಹೋಗುವ ಮಡಚು ಕ್ಯಾಂಪರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಮುಚ್ಚಿದರೆ ಮದುವೆಯ ಟ್ರಂಕಿನಂತಿರುತ್ತದೆ, ಬಿಚ್ಚಿದರೆ ಹಾಸಿಗೆ ಸಮೇತ ಗುಡಾರ. ಲಾರಿ ತೂಗುವಲ್ಲಿ ತೂಗಿಸಿದೆ. ಸಾಮಾನು ಸೇರಿ 150 ಕಿಲೋ. ಬೈಕ್ 800 ಸಿಸಿಯ ಹಳೆಯದು. ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ 400 ವ್ಯಾಟ್ ಎಂದು ಅದರ ಕೈಪಿಡಿ ಹೇಳುತ್ತದೆ.

ಅಕ್ಟೋಬರಿನಲ್ಲಿ ಬ್ಲೂ ರಿಜ್ ಪಾರ್ಕ್‌ವೇ ಪೂರ್ತಿ ಹೋಗಬೇಕೆಂದಿದ್ದೇನೆ. ವರ್ಜೀನಿಯಾದ ರಾಕ್‌ಫಿಶ್ ಗ್ಯಾಪ್‌ನಿಂದ ನಮ್ಮ ರಾಜ್ಯದ ಚೆರೊಕೀವರೆಗೆ 469 ಮೈಲಿ, ಗಂಟೆಗೆ 45 ಮೈಲಿಯ ಮಿತಿ. ಏಳು ದಿನದ ಲೆಕ್ಕ. ಕಾಯ್ದಿರಿಸಿದ ಯಾವ ಜಾಗದಲ್ಲೂ ಕರೆಂಟ್ ಇಲ್ಲ.

ನನ್ನ ಯೋಜನೆ: 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಮುಚ್ಚಳದ ಮೇಲೆ 100 ವ್ಯಾಟ್ ಸೋಲಾರ್ ಫಲಕ, 1000 ವ್ಯಾಟ್ ಇನ್ವರ್ಟರ್. ಅದರ ಮೇಲೆ ಚಿಕ್ಕ ಫ್ರಿಜ್ (ಮೊಸರಿಲ್ಲದೆ ನನಗೆ ಊಟ ಸೇರುವುದಿಲ್ಲ), ಬಿಸಿ ಕಂಬಳಿ, ದೀಪ, ಎರಡು ಫೋನ್, ಬೆಳಗಿನ ಕಾಫಿಗೆ ನೀರು ಕಾಯಿಸುವ ಕೆಟಲ್. ಎಲ್ಲಿ ತಪ್ಪಿದ್ದೇನೆ, ಹೇಳಿ.

ಶಿರಸಿ_ಸೋಲಾರ್

ನೀವು ತಂದಿರುವುದು ಕ್ಯಾಂಪರೋ, ಕಲ್ಯಾಣ ಮಂಟಪವೋ? ಬೇಸರ ಮಾಡಿಕೊಳ್ಳಬೇಡಿ. ಇಪ್ಪತ್ತೆರಡು ವರ್ಷದಿಂದ ತೋಟದ ಮನೆಗಳಿಗೆ ಸೋಲಾರ್ ದೀಪ ಹಾಕುತ್ತಿದ್ದೇನೆ. ಬಂದವರೆಲ್ಲ ಮೊದಲು ಬ್ಯಾಟರಿ ಎಷ್ಟು ದೊಡ್ಡದಿರಬೇಕು ಎಂದು ಕೇಳುತ್ತಾರೆ. ರಾತ್ರಿ ಏನೇನು ಉರಿಸುತ್ತೀರಿ ಎಂದು ನಾನು ಅವರನ್ನು ತಿರುಗಿ ಕೇಳುತ್ತೇನೆ.

ಮೊದಲು ಕೆಟಲ್ ಕೆಳಗಿಡಿ. 20 ಡಿಗ್ರಿಯ ಒಂದು ಲೀಟರ್ ನೀರು ಕುದಿಯಲು, ಎಳ್ಳಷ್ಟೂ ನಷ್ಟವಿಲ್ಲದಿದ್ದರೂ, 93 ವ್ಯಾಟ್-ಅವರ್ ಬೇಕು (ಒಂದು ವ್ಯಾಟ್ ಒಂದು ಗಂಟೆ ಉರಿದರೆ ಒಂದು ವ್ಯಾಟ್-ಅವರ್). ಅಷ್ಟರಲ್ಲಿ 6 ವ್ಯಾಟಿನ ಎಲ್‌ಇಡಿ ದೀಪ ಹದಿನೈದು ಗಂಟೆ ಉರಿಯುತ್ತದೆ. ಅಂಗೈಯಗಲದ ಗ್ಯಾಸ್ ಒಲೆ ಅದೇ ನೀರನ್ನು ಐದಾರು ನಿಮಿಷದಲ್ಲಿ ಕುದಿಸುತ್ತದೆ. ಕೆಟಲ್ ಹೋದರೆ ಇನ್ವರ್ಟರಿಗೂ ಕೆಲಸವಿಲ್ಲ. ಅದು ಏನೂ ಮಾಡದೆ ಕುಳಿತಿದ್ದರೂ ಕೆಲವು ವ್ಯಾಟ್ ತಿನ್ನುತ್ತಿರುತ್ತದೆ.

ಬಿಸಿ ಕಂಬಳಿ 45 ವ್ಯಾಟ್ ಎಂದರೆ ಏಳು ಗಂಟೆಗೆ 315 ವ್ಯಾಟ್-ಅವರ್. ಅದರ ಬದಲು ಒಲೆಯ ಮೇಲೆ ನೀರು ಕಾಯಿಸಿ ರಬ್ಬರ್ ಚೀಲಕ್ಕೆ ಹಾಕಿಕೊಂಡು ಮಲಗಿ. 90 ಡಿಗ್ರಿಯ ಒಂದು ಲೀಟರ್ ನೀರು 30ಕ್ಕೆ ಇಳಿಯುವಷ್ಟರಲ್ಲಿ 70 ವ್ಯಾಟ್-ಅವರ್ ಶಾಖವನ್ನು ನಿಮ್ಮ ಹೊದಿಕೆಯೊಳಗೇ ಬಿಟ್ಟಿರುತ್ತದೆ. ಆ ಶಾಖಕ್ಕೆ ಬ್ಯಾಟರಿಯನ್ನು ಮುಟ್ಟಬೇಕಾಗಿಲ್ಲ.

ಫ್ರಿಜ್ 45 ವ್ಯಾಟಿನದಾಗಿ ಮೂರರಲ್ಲಿ ಒಂದು ಪಾಲು ಹೊತ್ತು ಓಡಿದರೂ ದಿನಕ್ಕೆ 360. ಮೊಸರಿಗಾಗಿ ಇಷ್ಟು ಖರ್ಚು ಮಾಡುವುದಾದರೆ ಜೊತೆಯಲ್ಲಿ ಒಂದು ಎಮ್ಮೆಯನ್ನೇ ಕರೆದುಕೊಂಡು ಹೋಗಬಹುದು.

ಓಮನ_ಶಿಷ್ಯ · ಬೆಂಗಳೂರು

ಶಿರಸಿಯವರು ಖರ್ಚಿನ ಕಡೆ ಹೇಳಿದರು, ನಾನು ಆದಾಯದ ಕಡೆ ಹೇಳುತ್ತೇನೆ. ಪವರ್ ಸಪ್ಲೈ ವಿನ್ಯಾಸ ನನ್ನ ಹೊಟ್ಟೆಪಾಡು.

ಆಲ್ಟರ್ನೇಟರ್ ಮೇಲೆ ಬರೆದಿರುವ 400 ವ್ಯಾಟ್ ನಿಮ್ಮ ಕೈಗೆ ಬರುವುದಿಲ್ಲ. ಇಗ್ನಿಷನ್, ಪೆಟ್ರೋಲ್ ಪಂಪ್, ಇಂಜಿನ್ ಕಂಪ್ಯೂಟರ್‌ಗೆ ಸುಮಾರು 140 ಹೋಗುತ್ತದೆ. ಹೆಡ್‌ಲೈಟ್ 55, ಹಿಂದಿನ ದೀಪ, ಮೀಟರ್ ಎಲ್ಲ ಸೇರಿ ಇನ್ನೊಂದು 25. ಉಳಿಯುವುದು 180. ನೀವು ಬಿಸಿ ಜಾಕೆಟ್ ಹಾಕಿಕೊಂಡರೆ ಅದು 75ರಿಂದ 90ನ್ನು ನುಂಗುತ್ತದೆ. ಕೈಗೆ ಸಿಗುವುದು ಹೆಚ್ಚೆಂದರೆ ನೂರು ವ್ಯಾಟ್. ಅದೂ ಇಂಜಿನ್ ಒಳ್ಳೆಯ ವೇಗದಲ್ಲಿ ತಿರುಗುತ್ತಿದ್ದಾಗ ಮಾತ್ರ. 45 ಮೈಲಿಯ ರಸ್ತೆಯಲ್ಲಿ ಮೇಲಿನ ಗೇರ್‌ನಲ್ಲಿ ಹೋಗುತ್ತಿದ್ದರೆ ಇನ್ನೂ ಕಡಿಮೆ.

ಈಗ 100 ಆಂಪಿಯರ್-ಅವರ್ ಬ್ಯಾಟರಿ ತುಂಬಲು, ಅದರ 12.8 ವೋಲ್ಟಿನಿಂದ ಗುಣಿಸಿದರೆ, 1280 ವ್ಯಾಟ್-ಅವರ್ ಬೇಕು. ನೂರು ವ್ಯಾಟಿನಲ್ಲಿ ಹದಿಮೂರು ಗಂಟೆ ಓಡಿಸುತ್ತೀರಾ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದ ಹಾಗಾಗುತ್ತದೆ.

ಹುಬ್ಬಳ್ಳಿ_ಬುಲೆಟ್

ಇಷ್ಟೆಲ್ಲ ಯಾಕೆ ಸ್ವಾಮಿ? ನಾನು ಸ್ಪಿತಿ ಕಣಿವೆಗೆ ಹೋದಾಗ ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯನ್ನು ಸೈಡ್ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದೆ. ಒಂದು ಬಲ್ಬು, ಒಂದು ಫೋನು. ಮುಗಿಯಿತು.

ಓಮನ_ಶಿಷ್ಯ

ಎರಡು ಕಿಲೋ ಸೀಸ ಹೊತ್ತಿದ್ದೀರಿ. ಅದರಲ್ಲಿರುವುದು 84 ವ್ಯಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕೆಂದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಬಳಸಲು ಸಿಕ್ಕಿದ್ದು 42. ಅಂಗಡಿಯಲ್ಲಿ ಸಿಗುವ 20,000 ಮಿಲಿಆಂಪಿಯರ್-ಅವರ್ ಪವರ್ ಬ್ಯಾಂಕ್‌ನಲ್ಲಿ 74 ಇರುತ್ತದೆ, ತೂಕ ಅರ್ಧ ಕಿಲೋ ಕೂಡ ಇಲ್ಲ.

ಹುಬ್ಬಳ್ಳಿ_ಬುಲೆಟ್

ಈ ಲೆಕ್ಕವನ್ನು ನಾನು ಹೊರಡುವ ಮೊದಲು ಹೇಳಿದ್ದರೆ ಬೆನ್ನು ಉಳಿಯುತ್ತಿತ್ತು.

ಎರಡು_ಚಕ್ರದ_ಮನೆ

ಕೆಟಲ್, ಇನ್ವರ್ಟರ್, ಕಂಬಳಿ ಮೂರನ್ನೂ ಕೈಬಿಟ್ಟೆ. ಫ್ರಿಜ್ ವಿಷಯದಲ್ಲಿ ಒಂದು ದಿನ ಮೌನವ್ರತ ಮಾಡಿ ಅದನ್ನೂ ಬಿಟ್ಟೆ. ಈಗ ಉಳಿದಿರುವುದು 6 ವ್ಯಾಟಿನ ದೀಪ ಮೂರು ಗಂಟೆ, ಗಾಳಿಯಾಡಲು 4 ವ್ಯಾಟಿನ ಫ್ಯಾನ್ ಏಳು ಗಂಟೆ, ಎರಡು ಫೋನ್ ಮತ್ತು ಹೆಲ್ಮೆಟ್‌ನ ಬ್ಲೂಟೂತ್‌ಗೆ 40, ಕ್ಯಾಮೆರಾಗೆ 15. ಒಟ್ಟು ನೂರು ವ್ಯಾಟ್-ಅವರ್ ಆಯಿತು. ಇದಕ್ಕೆ ಎಷ್ಟು ಬ್ಯಾಟರಿ?

ಶಿರಸಿ_ಸೋಲಾರ್

20 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್. 256 ವ್ಯಾಟ್-ಅವರ್, ಎರಡೂವರೆ ಕಿಲೋ. ಎರಡು ರಾತ್ರಿ ಆರಾಮ. ಅದೇ ಅಳತೆಯ ಲೆಡ್ ಆಸಿಡ್ ಆರು ಕಿಲೋ ತೂಗಿ ಅರ್ಧ ಕೆಲಸ ಮಾಡುತ್ತದೆ.

ಎಲ್ಲಿಡುತ್ತೀರಿ ಎಂಬುದನ್ನೂ ಈಗಲೇ ಯೋಚಿಸಿ. ಎತ್ತಿನಗಾಡಿಗೆ ಹೊರೆ ಹೇರಿದ್ದನ್ನು ನೋಡಿರುತ್ತೀರಿ.

ಎರಡು_ಚಕ್ರದ_ಮನೆ

ನೋಡಿರುವುದೇನು, ಹೇರಿದ್ದೇನೆ. ತೆಂಗಿನಕಾಯಿ ಹಿಂದೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕುತ್ತಿಗೆ ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಹೆಗಲು ಮುರಿಯುತ್ತದೆ. ನಮ್ಮ ತಾತ ಮೂಕಿಯನ್ನು ಒಂದು ಕೈಯಲ್ಲಿ ಎತ್ತಿ ನೋಡಿ "ಇನ್ನೆರಡು ಕಾಯಿ ಮುಂದಕ್ಕೆ" ಎನ್ನುತ್ತಿದ್ದರು. ಇಲ್ಲಿಯವರು ಅದನ್ನೇ ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಕೊಂಡಿಯ ಮೇಲಿರಬೇಕು ಎನ್ನುತ್ತಾರೆ. ನನಗೆ 15 ಕಿಲೋ. ಬಚ್ಚಲಿನ ತಕ್ಕಡಿ ಇಟ್ಟು ನೋಡಿದೆ, 11 ಇತ್ತು. ಬ್ಯಾಟರಿ ಡಬ್ಬಿಯನ್ನೂ ಒಲೆಯನ್ನೂ ಅಚ್ಚಿನ ಮುಂದಕ್ಕೆ ತಂದ ಮೇಲೆ ಸರಿಹೋಯಿತು.

ಕಪ್ಪು_ಕಾಡಿನಾಚೆ · ಸ್ಟುಟ್‌ಗಾರ್ಟ್

ಜರ್ಮನಿಯಲ್ಲಿ ಬೈಕಿಗೆ ಟ್ರೇಲರ್ ಕಟ್ಟಿದರೆ ಗಂಟೆಗೆ 60 ಕಿಲೋಮೀಟರ್ ಮಿತಿ. ಆಟೋಬಾನ್‌ನಲ್ಲೂ ಅಷ್ಟೇ. ನಿಮ್ಮ 45 ಮೈಲಿಯನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ.

ಸೋಲಾರ್ ಬಗ್ಗೆ ಒಂದು ಮಾತು. ನಾಲ್ಕು ವರ್ಷ ಮುಚ್ಚಳದ ಮೇಲೆ ಫಲಕ ಅಂಟಿಸಿಕೊಂಡು ತಿರುಗಿದ್ದೇನೆ. ಕಾಗದದ ಮೇಲೆ 50 ವ್ಯಾಟಿನ ಫಲಕ ಬೇಸಿಗೆಯಲ್ಲಿ 170 ವ್ಯಾಟ್-ಅವರ್ ಕೊಡುತ್ತದೆ. ಆದರೆ ಕ್ಯಾಂಪರ್ ಬಿಚ್ಚಿದರೆ ನನ್ನ ಮುಚ್ಚಳ ಪಕ್ಕಕ್ಕೆ ತಿರುಗುತ್ತದೆ, ಜೊತೆಗೆ ಗುಡಾರ ಹಾಕುವುದೇ ಮರದ ನೆರಳು ಹುಡುಕಿ. ಫಲಕದ ಸೆಲ್‌ಗಳು ಸಾಲಾಗಿ ಜೋಡಿಸಿರುವುದರಿಂದ ಒಂದು ಕೊಂಬೆಯ ನೆರಳು ಬಿದ್ದರೂ ಇಡೀ ಫಲಕ ಸೊರಗುತ್ತದೆ. ನಿಮ್ಮ ದಾರಿ ಉದ್ದಕ್ಕೂ ಕಾಡು. ಆ ಫಲಕ ಮಾರಿ.

ಕಾವೇರಿ_ಸವಾರಿ · ಮೈಸೂರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಕ್ಯಾಂಪರ್ ಅಲ್ಲ, ಬೈಕಿನ ಮೇಲೆ ಗುಡಾರ ಕಟ್ಟಿಕೊಂಡು ಹೋಗುವವಳು. ಕಳೆದ ವರ್ಷದಿಂದ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗಬೇಕಾಗಿದೆ. ಅಡಾಪ್ಟರ್ ಮೇಲೆ 90 ವ್ಯಾಟ್ ಎಂದು ಬರೆದಿದೆ. ಎಂಟು ಗಂಟೆಗೆ 720! ಹಾಗಾದರೆ ತಿರುಗಾಟವನ್ನೇ ಬಿಡಬೇಕೇ?

ಓಮನ_ಶಿಷ್ಯ

ಬಿಡಬೇಡಿ ಮೇಡಂ. ಅಡಾಪ್ಟರ್ ಮೇಲೆ ಇರುವುದು ಅದು ಕೊಡಬಲ್ಲ ಗರಿಷ್ಠ, ಯಂತ್ರ ತೆಗೆದುಕೊಳ್ಳುವುದಲ್ಲ. ಪ್ಲಗ್ಗಿಗೆ ಹಾಕುವ ವ್ಯಾಟ್-ಮೀಟರ್ ಒಂದನ್ನು ತಂದು ಮನೆಯಲ್ಲೇ ಒಂದು ರಾತ್ರಿ ಅಳೆಯಿರಿ. ಹೆಚ್ಚಿನ ಖರ್ಚು ನೀರು ಬಿಸಿ ಮಾಡಿ ಗಾಳಿಗೆ ತೇವ ಕೊಡುವ ಭಾಗದ್ದು. ಅದನ್ನು ಆರಿಸಿ ಮಲಗಬಹುದೇ ಎಂದು ವೈದ್ಯರನ್ನು ಕೇಳಿ, ಅವರು ಒಪ್ಪಿದರೆ ಇನ್ನೊಂದು ರಾತ್ರಿ ಅಳೆಯಿರಿ. ಇನ್ವರ್ಟರ್ ಮೂಲಕ ಹೋಗದೆ ಯಂತ್ರದ ವೋಲ್ಟೇಜ್‌ಗೆ ಹೊಂದುವ ಡಿಸಿ ಅಡಾಪ್ಟರ್ ಬಳಸಿದರೆ ಇನ್ನಷ್ಟು ಉಳಿಯುತ್ತದೆ.

ಕಾವೇರಿ_ಸವಾರಿ

ಐದು ದಿನದ ನಂತರ ಬರೆಯುತ್ತಿದ್ದೇನೆ. ತೇವದ ಭಾಗ ಇದ್ದಾಗ 410 ವ್ಯಾಟ್-ಅವರ್, ಆರಿಸಿದಾಗ 160. ವೈದ್ಯರು ಎರಡು ಮೂರು ರಾತ್ರಿಗೆ ಅಡ್ಡಿಯಿಲ್ಲ ಎಂದಿದ್ದಾರೆ. ಬಾಯಿ ಒಣಗುತ್ತದೆ, ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಂಡರೆ ನಡೆಯುತ್ತದೆ.

ಎರಡು_ಚಕ್ರದ_ಮನೆ

ನನ್ನ ಪೆದ್ದುತನದ ಕಥೆ ಕೇಳಿ.

ಬ್ಯಾಟರಿ ಬಂತು. ಬೈಕಿನ ಕರೆಂಟನ್ನು ಅಳೆದು ಈ ಬ್ಯಾಟರಿಗೆ ತುಂಬುವ ಡಿಸಿ-ಡಿಸಿ ಚಾರ್ಜರ್ ಬರಲು ಇನ್ನೂ ಒಂದು ವಾರ ಇತ್ತು. ಅಲ್ಲಿಯವರೆಗೆ ಇರಲಿ ಎಂದು ಬೈಕಿನ ಬ್ಯಾಟರಿಯಿಂದ ಬೀಗದ ಕೈ ತಿರುಗಿಸಿದರೆ ತಾನೇ ಸೇರುವ ಸ್ವಿಚ್ (ರಿಲೇ), 20 ಆಂಪಿಯರ್ ಫ್ಯೂಸ್, ಮನೆಯಲ್ಲಿದ್ದ 1.5 ಚದರ ಮಿಲಿಮೀಟರ್ ವೈರ್, ನಿಂತ ಬೈಕಿನ ಬ್ಯಾಟರಿಗೆ ನಿಧಾನವಾಗಿ ತುಂಬುವ ಟ್ರಿಕಲ್ ಚಾರ್ಜರ್ ಜೊತೆಗೆ ಬರುತ್ತದಲ್ಲ ಆ ಎರಡು ಕಾಲಿನ ಪ್ಲಗ್, ಇಷ್ಟನ್ನೇ ಹಾಕಿ ನೇರವಾಗಿ ಕೂಡಿಸಿದೆ. ಬ್ಯಾಟರಿ ಹೆಚ್ಚುಕಡಿಮೆ ಖಾಲಿಯಿತ್ತು. ಬಿಸಿ ಜಾಕೆಟ್ ಹಾಕಿಕೊಂಡು ಊರೊಳಗಿನ ಸಿಗ್ನಲ್‌ಗಳಲ್ಲಿ ನಲವತ್ತು ನಿಮಿಷ ತಿರುಗಿದೆ.

ಕಾಫಿಗೆಂದು ನಿಲ್ಲಿಸಿ ಬಂದು ಸ್ಟಾರ್ಟರ್ ಒತ್ತಿದರೆ ಟಿಕ್ ಟಿಕ್ ಎಂದಿತು, ಫ್ಯೂಸ್ ಹಾರಿತು. ಹಿಂದೆ ಹೋಗಿ ನೋಡಿದರೆ ಪ್ಲಗ್ ಬೇಸಿಗೆಯ ಬೆಲ್ಲದಂತೆ ಮೆತ್ತಗಾಗಿ ಒಂದು ಕಡೆಗೆ ವಾಲಿತ್ತು. ಪಕ್ಕದಲ್ಲಿ ಕಾರು ನಿಲ್ಲಿಸಿದ್ದ ಹಿರಿಯರೊಬ್ಬರು ಜಂಪ್ ಸ್ಟಾರ್ಟರ್ ಕೊಟ್ಟು ಕಾಪಾಡಿದರು. ಓಡುವಾಗ ಹಾರದ ಫ್ಯೂಸ್ ನಿಂತ ಮೇಲೆ ಯಾಕೆ ಹಾರಿತು ಎಂಬುದು ಮಾತ್ರ ಅರ್ಥವಾಗಲಿಲ್ಲ.

ಓಮನ_ಶಿಷ್ಯ

ಚಾರ್ಜ್ ಆಗುವಾಗ ಬೈಕಿನಲ್ಲಿ ಸುಮಾರು 14.2 ವೋಲ್ಟ್, ಖಾಲಿ ಲಿಥಿಯಂನಲ್ಲಿ 12.5. ನಡುವಿನ ಅಂತರ 1.7. ನಿಮ್ಮ ವೈರ್ ಹೋಗಿ ಬರುವಾಗ ಆರು ಮೀಟರ್ ಎಂದುಕೊಳ್ಳಿ, 1.5 ಚದರ ಮಿಲಿಮೀಟರ್ ತಾಮ್ರಕ್ಕೆ 0.07 ಓಮ್. ಪ್ಲಗ್, ರಿಲೇ, ಬ್ಯಾಟರಿ ಸೇರಿ ಇನ್ನೊಂದು 0.04. ಭಾಗಿಸಿದರೆ 15 ಆಂಪಿಯರ್. ಅಂದರೆ 210 ವ್ಯಾಟಿಗೂ ಮೇಲೆ. ನಿಮ್ಮಲ್ಲಿ ಇದ್ದದ್ದು ನೂರು, ಸಿಗ್ನಲ್‌ನಲ್ಲಿ ನಿಂತಾಗ ಅದೂ ಇಲ್ಲ. ಉಳಿದದ್ದು ಬೈಕಿನ ಸ್ವಂತ ಬ್ಯಾಟರಿಯಿಂದ ಹರಿದು ಹೋಗಿದೆ.

15 ಆಂಪಿಯರ್‌ಗೆ 20ರ ಫ್ಯೂಸ್ ಯಾಕೆ ಹಾರಬೇಕು? ಅದಿರುವುದು ಶಾರ್ಟ್ ಆದಾಗ ವೈರ್ ಉರಿಯದಿರಲಿ ಎಂದು. ಸಡಿಲ ಪ್ಲಗ್ ಅದರ ಕಣ್ಣಿಗೆ ಬೀಳುವುದಿಲ್ಲ. ಪ್ಲಗ್ಗಿನೊಳಗೆ ಬರೀ 0.03 ಓಮ್ ಇದ್ದರೂ 15ರ ವರ್ಗ ಗುಣಿಸಿದರೆ ಆರೇಳು ವ್ಯಾಟ್ ಶಾಖ ಅಷ್ಟು ಚಿಕ್ಕ ಪ್ಲಾಸ್ಟಿಕ್ಕಿನೊಳಗೆ ಬಂದಿಯಾಗಿರುತ್ತದೆ. ಬೆಸುಗೆ ಹಾಕುವ ಸಣ್ಣ ಐರನ್ನೇ 25 ವ್ಯಾಟ್.

ನಿಂತ ಮೇಲೆ ಆದದ್ದು ತಿರುಗುಮುರುಗು. ಸ್ಟಾರ್ಟರ್ ಒತ್ತಿದಾಗ ಬಳಲಿದ ಬೈಕ್ ಬ್ಯಾಟರಿ ಒಂಬತ್ತು ವೋಲ್ಟಿಗೆ ಕುಸಿದಿರುತ್ತದೆ. ಆಗ ಹಿಂದಿನ ಲಿಥಿಯಂ ಅದೇ ವೈರಿನಲ್ಲಿ ಮುಂದಕ್ಕೆ ಮೂವತ್ತಕ್ಕೂ ಹೆಚ್ಚು ಆಂಪಿಯರ್ ತಳ್ಳಿರುತ್ತದೆ. ಫ್ಯೂಸ್ ತನ್ನ ಕೆಲಸ ಮಾಡಿದೆ.

ಇನ್ನೊಂದು ಎಚ್ಚರ. ವೋಲ್ಟೇಜ್ ನೋಡಿ ತಾನೇ ಸೇರುವ ರಿಲೇ ಹಾಕಿ ಎಂದು ಯಾರಾದರೂ ಹೇಳುತ್ತಾರೆ. ಲೆಡ್ ಆಸಿಡ್‌ಗೆ ಅದು ಸರಿ. 13.3ಕ್ಕೆ ಸೇರಿ 12.8ಕ್ಕೆ ಬಿಡುತ್ತದೆ. ತುಂಬಿದ ಲಿಥಿಯಂ ಐರನ್ ಫಾಸ್ಫೇಟ್ ಸುಮ್ಮನೆ ಇಟ್ಟಾಗಲೇ 13.3ರ ಆಸುಪಾಸಿನಲ್ಲಿ ಇರುತ್ತದೆ. ಇಂಜಿನ್ ಆರಿಸಿದರೂ ರಿಲೇ ಬಿಡುವುದಿಲ್ಲ, ಇಡೀ ರಾತ್ರಿ ಎರಡೂ ಬ್ಯಾಟರಿ ಕೈ ಹಿಡಿದುಕೊಂಡೇ ಇರುತ್ತವೆ.

ಶಿರಸಿ_ಸೋಲಾರ್

ಲೆಕ್ಕ ಅವರದು, ಕೈಕೆಲಸ ನನ್ನದು.

5 ಆಂಪಿಯರ್ ಕೊಡುವ ಡಿಸಿ-ಡಿಸಿ ಚಾರ್ಜರ್ ಸಾಕು. ಬೈಕಿನಿಂದ ಸುಮಾರು 85 ವ್ಯಾಟ್ ತೆಗೆದುಕೊಳ್ಳುತ್ತದೆ, ಅದಕ್ಕಿಂತ ಹೆಚ್ಚು ಕೇಳುವುದಿಲ್ಲ. ಬ್ಯಾಟರಿ ಎಷ್ಟೇ ಹಸಿದಿರಲಿ, ಇದು ಸೌಟಿನಲ್ಲಿ ಅಳೆದು ಬಡಿಸುತ್ತದೆ. ನಾಲ್ಕು ಗಂಟೆ ಓಡಿಸಿದರೆ 20 ಆಂಪಿಯರ್-ಅವರ್ ಒಳಗೆ ಹೋಗುತ್ತದೆ. ಇಪ್ಪತ್ತು ಮೂವತ್ತು ಆಂಪಿಯರಿನದು ಕಾರಿಗೆ, ನಿಮಗಲ್ಲ. ಚಾರ್ಜರನ್ನು ಬೈಕಿನಲ್ಲಿಡದೆ ಕ್ಯಾಂಪರಿನ ಬ್ಯಾಟರಿ ಪಕ್ಕದಲ್ಲಿಡಿ. ವೈರಿನಲ್ಲಿ ಕಳೆದುಹೋದ ವೋಲ್ಟೇಜನ್ನು ಅದು ಸರಿದೂಗಿಸುತ್ತದೆ.

ವೈರ್ 4 ಚದರ ಮಿಲಿಮೀಟರ್ ಹಾಕಿ. ಎರಡು ತುದಿಗೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ 10 ಆಂಪಿಯರ್ ಫ್ಯೂಸ್. ಎರಡು ತುದಿಗೂ ಎಂದೆ, ಏಕೆಂದರೆ ಎರಡು ಕಡೆಯೂ ಬ್ಯಾಟರಿ ಇದೆ. ಮೈನಸ್‌ಗೆ ಪ್ರತ್ಯೇಕ ವೈರ್ ಎಳೆಯಿರಿ. ಕೊಂಡಿಯ ಗುಂಡಿನ ಮೂಲಕ ಹೋಗಲಿ ಎಂದು ಬಿಟ್ಟರೆ ಗ್ರೀಸ್ ಮತ್ತು ತುಕ್ಕಿನ ನಡುವೆ ದೀಪಗಳು ಕಣ್ಣು ಮಿಟುಕಿಸುತ್ತವೆ. ಆ ಎರಡು ಕಾಲಿನ ಪ್ಲಗ್ ಇನ್ನು ಬೇಡ. ಅದರಲ್ಲಿ ಕೆಲವು ಸೋಲಾರ್ ಫಲಕಗಳ ಪ್ಲಸ್ ಮೈನಸ್ ಉಲ್ಟಾ ಬರುತ್ತದೆ ಎಂಬುದು ಬೇರೆ ತಲೆನೋವು. ಆಂಡರ್ಸನ್ ಅಥವಾ ಎಕ್ಸ್‌ಟಿ60 ಎಂಬ ಗಟ್ಟಿ ಪ್ಲಗ್ ಹಾಕಿ. ಬೈಕ್ ತಿರುವಿನಲ್ಲಿ ವಾಲುತ್ತದೆ, ಕ್ಯಾಂಪರ್ ವಾಲುವುದಿಲ್ಲ. ಹಾಗಾಗಿ ಕೊಂಡಿಯ ಹತ್ತಿರ ವೈರ್ ಸ್ವಲ್ಪ ಸಡಿಲವಾಗಿರಲಿ, ಆದರೆ ಟೈರಿಗೂ ಸೈಲೆನ್ಸರಿಗೂ ತಾಗಬಾರದು.

ಹುಬ್ಬಳ್ಳಿ_ಬುಲೆಟ್

ಅಂಗಡಿಯಲ್ಲಿ ಸಿದ್ಧವಾಗಿ ಬರುವ ಪವರ್ ಸ್ಟೇಷನ್ ಡಬ್ಬಿ ತಂದರೆ ಈ ರಾಮಾಯಣವೇ ಇಲ್ಲವಲ್ಲ? ಅದೂ ಇಷ್ಟೇ ವ್ಯಾಟ್-ಅವರ್, ಮೂರೂವರೆ ಕಿಲೋ.

ಓಮನ_ಶಿಷ್ಯ

ತಪ್ಪಲ್ಲ. ಹೊಸಬರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅಂಥವು 12 ವೋಲ್ಟ್ ಸಾಕೆಟಿನಿಂದ ಎಂಟು ಆಂಪಿಯರ್‌ವರೆಗೆ ಎಳೆಯುತ್ತವೆ. ಅನೇಕ ಬೈಕುಗಳ ಸಾಕೆಟ್ ಐದಕ್ಕೇ ಕೈ ಎತ್ತುತ್ತದೆ. ಚಾರ್ಜ್ ವೇಗವನ್ನು ತಗ್ಗಿಸುವ ಅನುಕೂಲ ಇರುವುದನ್ನು ನೋಡಿ ಕೊಳ್ಳಬೇಕು.

ಶಿರಸಿ_ಸೋಲಾರ್

ಡಬ್ಬಿಯೊಳಗಿನ ಒಂದು ಬಿಡಿಭಾಗ ಹೋದರೆ ಡಬ್ಬಿಯೇ ಹೋಯಿತು. ಬಿಡಿಬಿಡಿಯಾಗಿದ್ದರೆ ಹೋದದ್ದನ್ನು ಮಾತ್ರ ಬದಲಿಸಬಹುದು. ನನ್ನ ಅಂಗಡಿಯ ಅಟ್ಟದ ಮೇಲೆ ಅಂಥ ನಾಲ್ಕು ಡಬ್ಬಿಗಳು ಮೋಕ್ಷಕ್ಕಾಗಿ ಕಾದು ಕುಳಿತಿವೆ.

ಕಪ್ಪು_ಕಾಡಿನಾಚೆ

ಹೊರಡುವ ಮೊದಲು ಒಂದು ವಿಷಯ ಗಮನದಲ್ಲಿರಲಿ. ಅಕ್ಟೋಬರ್ ಕೊನೆಯಲ್ಲಿ ಅಷ್ಟು ಎತ್ತರದಲ್ಲಿ ಬೆಳಗಿನ ಹೊತ್ತು ಸೊನ್ನೆ ಡಿಗ್ರಿ ಮುಟ್ಟಬಹುದು. ಲಿಥಿಯಂ ಐರನ್ ಫಾಸ್ಫೇಟ್‌ನಿಂದ ಆ ಚಳಿಯಲ್ಲಿ ಕರೆಂಟ್ ತೆಗೆದುಕೊಳ್ಳಬಹುದು, ತುಂಬಬಾರದು. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಸೆಲ್‌ನ ಒಳಗೆ ಲೋಹವಾಗಿ ಕೂರುತ್ತದೆ, ಆ ನಷ್ಟ ತಿರುಗಿ ಬರುವುದಿಲ್ಲ. ಬ್ಯಾಟರಿಯ ಒಳಗಿನ ಕಾವಲು ಸರ್ಕ್ಯೂಟ್, ಅಂದರೆ ಬಿಎಂಎಸ್‌ಗೆ ಚಳಿಯಲ್ಲಿ ಚಾರ್ಜ್ ತಡೆಯುವ ವ್ಯವಸ್ಥೆ ಇದೆಯೇ ನೋಡಿ. ಅಗ್ಗದವುಗಳಲ್ಲಿ ಎಷ್ಟೋ ಸಲ ಇರುವುದಿಲ್ಲ.

ಎರಡು_ಚಕ್ರದ_ಮನೆ

ನೋಡಿದೆ, ಇಲ್ಲ. ಹಾಗಾಗಿ ಚಾರ್ಜರಿಗೆ ಹ್ಯಾಂಡಲ್ ಮೇಲೆ ಒಂದು ಸ್ವಿಚ್ ಹಾಕುತ್ತಿದ್ದೇನೆ.

ಎರಡು_ಚಕ್ರದ_ಮನೆ

ಬಂದೆ. ಮೂರು ವಾರ ತಡವಾಗಿ ವರದಿ ಬರೆಯುತ್ತಿದ್ದೇನೆ.

ಮೊದಲ ಮೂರು ರಾತ್ರಿ ಏನೂ ವಿಶೇಷವಿಲ್ಲ. ದಿನಕ್ಕೆ ನಾಲ್ಕು ಗಂಟೆ ಓಡಿಸುವುದು, ರಾತ್ರಿ 90ರಿಂದ 110 ವ್ಯಾಟ್-ಅವರ್ ಬಳಸುವುದು. ಬ್ಯಾಟರಿಯ ಮೀಟರ್ ಶೇಕಡ 58ಕ್ಕಿಂತ ಕೆಳಗೆ ಇಳಿಯಲಿಲ್ಲ, ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೆ ತುಂಬಿರುತ್ತಿತ್ತು. ಐದು ಆಂಪಿಯರ್ ಎಂದರೆ ನನಗೆ ಅಸಡ್ಡೆಯಿತ್ತು. ಈಗಿಲ್ಲ.

ಏರಿನಲ್ಲಿ ನಿಧಾನವಾಗಿ ಹತ್ತುವಾಗ, ಜಾಕೆಟ್ ಪೂರ್ತಿ ಬಿಸಿ ಮಾಡಿಕೊಂಡಾಗ, ಬೈಕಿನ ವೋಲ್ಟೇಜ್ 13.1ಕ್ಕೆ ಇಳಿಯುತ್ತಿತ್ತು. ಆಗ ಚಾರ್ಜರ್ ಆರಿಸುತ್ತಿದ್ದೆ; ಎರಡು ನಿಮಿಷದಲ್ಲಿ 14ರ ಹತ್ತಿರ ಬರುತ್ತಿತ್ತು. ನನಗೆ ಬಿಸಿಯೋ, ಬ್ಯಾಟರಿಗೆ ಊಟವೋ ಎಂಬ ಪ್ರಶ್ನೆ ಬಂದಾಗಲೆಲ್ಲ ನಾನೇ ಗೆದ್ದೆ ಎಂದು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ.

ಪರೀಕ್ಷೆಯಾದದ್ದು ಮೌಂಟ್ ಪಿಸ್ಗಾದಲ್ಲಿ. ಮಳೆ ಹಿಡಿದುಕೊಂಡು ಒಂದು ಇಡೀ ದಿನ ಕದಲದೆ ಕೂತೆ. ಗೆಳೆಯನಿಂದ ತಂದಿದ್ದ 40 ವ್ಯಾಟಿನ ಮಡಚು ಫಲಕ, ಮೋಡ ಮತ್ತು ಮರಗಳ ಕೆಳಗೆ, ದಿನವಿಡೀ ಕೊಟ್ಟದ್ದು 14 ವ್ಯಾಟ್-ಅವರ್. ಒಂದು ಫೋನಿಗೆ ಸಾಕು. ಎರಡನೆಯ ರಾತ್ರಿ ಮುಗಿದಾಗ ಬ್ಯಾಟರಿ ಶೇಕಡ 22. ಫ್ರಿಜ್ ತಂದಿದ್ದರೆ ಮೊದಲ ದಿನ ಸಂಜೆಯೊಳಗೇ ಕತ್ತಲೆಯಾಗುತ್ತಿತ್ತು.

ಮರುದಿನ ಬೆಳಿಗ್ಗೆ ಹೊರಗೆ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ. ಬ್ಯಾಟರಿಯನ್ನು ಬಿಚ್ಚಿ ಹಾಸಿಗೆಯ ಕಾಲ ಬುಡದಲ್ಲಿ ಇಟ್ಟುಕೊಂಡು ಮಲಗಿದ್ದೆ, ಅದರ ಮೈ ಎಂಟು ಡಿಗ್ರಿ ಇತ್ತು. ಶಿರಸಿಯವರ ರಬ್ಬರ್ ಚೀಲ ನನಗೂ ಅದಕ್ಕೂ ಸೇರಿ ಕೆಲಸ ಮಾಡಿತು. ಆದರೂ ಬಿಸಿಲು ಬರಲಿ ಎಂದು ಹತ್ತು ಗಂಟೆಯವರೆಗೆ ಸ್ವಿಚ್ ಹಾಕಲಿಲ್ಲ. ಅಲ್ಲಿಂದ ಇಪ್ಪತ್ತಮೂರು ಮೈಲಿ ಮುಂದೆ ರಿಚ್‌ಲ್ಯಾಂಡ್ ಬಾಲ್ಸಂ, ಪಾರ್ಕ್‌ವೇಯಲ್ಲೇ ಎತ್ತರದ ಜಾಗ, 6053 ಅಡಿ. ಅಲ್ಲಿ ನಿಂತು ಇಳಿಜಾರಿನ ಕೆಂಪು ನೋಡುವ ಬದಲು ನಾನು ಪ್ಲಗ್ ಮುಟ್ಟಿ ನೋಡುತ್ತಿದ್ದೆ. ತಣ್ಣಗಿತ್ತು.

ಕಾವೇರಿ_ಸವಾರಿ

ನಾನೂ 30 ಆಂಪಿಯರ್-ಅವರ್ ತಂದೆ. ಎರಡು ರಾತ್ರಿ ಕುದುರೆಮುಖದ ಕಡೆಯ ಹೋಮ್‌ಸ್ಟೇಯ ಅಂಗಳದಲ್ಲಿ ಗುಡಾರ ಹಾಕಿ ನೋಡಿದೆ. ಅಲ್ಲಿ ಕರೆಂಟೂ ಹೋಗಿತ್ತು. ಮನೆಯವರು ನಮ್ಮ ಗುಡಾರಕ್ಕೇ ಬಂದು ಫೋನ್ ಚಾರ್ಜ್ ಮಾಡಿಕೊಂಡು ಹೋದರು. ಅಂದ ಹಾಗೆ, ಮೊಸರಿನ ಗತಿ ಏನಾಯಿತು?

ಎರಡು_ಚಕ್ರದ_ಮನೆ

ಚಳಿಗೆ ಹೊರಗೆ ಇಟ್ಟ ಡಬ್ಬಿಯೇ ಫ್ರಿಜ್ ಆಯಿತು. ಮೂರು ದಿನ ಹುಳಿಯಾಗಲಿಲ್ಲ. ಕರಡಿಗಳ ಭಯಕ್ಕೆ ರಾತ್ರಿ ಮಾತ್ರ ಕ್ಯಾಂಪಿನ ಕಬ್ಬಿಣದ ಪೆಟ್ಟಿಗೆಯೊಳಗೆ ಇಡಬೇಕಿತ್ತು. ಈಗ ಮಾರ್ಚ್‌ವರೆಗೆ ಕ್ಯಾಂಪರ್ ಗ್ಯಾರೇಜಿನಲ್ಲಿ. ಬ್ಯಾಟರಿ ತುಂಬಿಸಿ ಇಡಲೇ?

ಶಿರಸಿ_ಸೋಲಾರ್

ಬೇಡ. ತುಂಬಿಸಿ ಇಡುವುದು ಲೆಡ್ ಆಸಿಡ್‌ಗೆ. ಇದನ್ನು ಅರ್ಧಕ್ಕಿಂತ ತುಸು ಮೇಲೆ ಇಟ್ಟು ಎರಡೂ ವೈರ್ ಬಿಚ್ಚಿಡಿ, ಇಲ್ಲದಿದ್ದರೆ ಆ ಮೀಟರೇ ಚಳಿಗಾಲವಿಡೀ ಹನಿಹನಿಯಾಗಿ ಕುಡಿಯುತ್ತದೆ. ಜನವರಿಯಲ್ಲಿ ಒಮ್ಮೆ ಅಳೆಯಿರಿ. 13.1 ಇದ್ದರೆ ಹಾಗೆಯೇ ಬಿಡಿ. ಕರಗಿದ ಆ ಪ್ಲಗ್ ಎಸೆದಿಲ್ಲವಾದರೆ ಒಂದು ಫೋಟೋ ಹಾಕಿ, ಅಂಗಡಿಯ ಗೋಡೆಗೆ ಅಂಟಿಸುತ್ತೇನೆ.